ಟ್ರೂಮನ್‌ರ ಅಣುಬಾಂಬ್ ತೀರ್ಮಾನವನ್ನು ದಾಖಲೆಗಳಲ್ಲಿ ಓದುವ ಬಗೆ

ಮೊದಲು 1945ರ ಜುಲೈ 25ರ, ಜಪಾನ್ ಮೇಲೆ ಅಣುಬಾಂಬ್ ಹಾಕುವ ಆದೇಶ ಓದಿ. ಸಹಿ ಅಂದಿನ ಅಮೆರಿಕ ಅಧ್ಯಕ್ಷ ಟ್ರೂಮನ್‌ರದಲ್ಲ, ಸೇನೆಯ ಹಂಗಾಮಿ ಮುಖ್ಯಸ್ಥ ಜನರಲ್ ಥಾಮಸ್ ಹ್ಯಾಂಡಿಯವರದು. ಹಿರೋಶಿಮಾ, ಕೊಕುರಾ, ನಿಗಾಟಾ, ನಾಗಸಾಕಿಗಳನ್ನು ಹೆಸರಿಸಿ, ಮುಂದಿನ ಬಾಂಬ್‌ಗಳನ್ನೂ ಸಿದ್ಧವಾದಂತೆಲ್ಲ ಹಾಕಿ ಎನ್ನುತ್ತದೆ. ಅಂದರೆ ಎರಡನೆಯದಕ್ಕೆ ಬೇರೆ ಅಪ್ಪಣೆ ಬೇಕಿರಲಿಲ್ಲ. ಓದುಗರು ಎಡವುವುದು ಇಲ್ಲೇ.

ಅದೇ ದಿನದ ಟ್ರೂಮನ್ ಡೈರಿಯನ್ನು ಪಕ್ಕಕ್ಕಿಟ್ಟುಕೊಳ್ಳಿ: ಗುರಿ ಸೈನಿಕರು, ಹೆಂಗಸರು ಮಕ್ಕಳಲ್ಲ ಎಂದಿದೆ. ಆದೇಶದಲ್ಲಿರುವುದು ಊರುಗಳ ಹೆಸರು. ಈ ಬಿರುಕನ್ನು ದಯವಿಟ್ಟು ತೇಪೆ ಹಾಕಿ ಮುಚ್ಚಬೇಡಿ. ಜಪಾನ್ ಶರಣಾಗಬೇಕೆಂದು ಎಚ್ಚರಿಸಿದ ಪಾಟ್ಸ್‌ಡ್ಯಾಮ್ ಘೋಷಣೆ ಹೊರಬಿದ್ದದ್ದು ಆದೇಶದ ಮರುದಿನ.

ಆಮೇಲೆ, ಎರಡು ಬಾಂಬ್ ಬಿದ್ದ ಬಳಿಕ, ಆಗಸ್ಟ್ 10ರ ಸೂಚನೆ: ಅಧ್ಯಕ್ಷರ ಸ್ಪಷ್ಟ ಅನುಮತಿಯಿಲ್ಲದೆ ಮೂರನೆಯದು ಬೇಡ. ಅಣ್ವಸ್ತ್ರದ ಅಪ್ಪಣೆ ಇಂದಿಗೂ ಅಮೆರಿಕದ ಅಧ್ಯಕ್ಷರೊಬ್ಬರ ಕೈಯಲ್ಲಿರುವುದರ ಬೇರು ಇಲ್ಲಿದೆ.

ಸಾವಿನ ಲೆಕ್ಕಕ್ಕೆ ಅವಧಿ ನಮೂದಿಸಿ. ಹಿರೋಶಿಮಾದ ಸುಮಾರು 1,40,000 ಎಂಬುದು 1945ರ ಕೊನೆಯವರೆಗಿನ ಅಂದಾಜು. ನಂತರದ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್), ಇತರ ಕ್ಯಾನ್ಸರ್ ಸಾವುಗಳು ಅದರಲ್ಲಿಲ್ಲ.