ಬೀದರದಲ್ಲಿ ವೆರೋನಿಕಾ ಅರಳಿತು: ನನ್ನ ಅನುಭವ

"ಚಳಿ ದೇಶದ ಗಿಡಾರೀ ಅದು, ನಮ್ಮ ಕಡೆ ಹೂ ಬಿಡಂಗಿಲ್ಲ. ಯಾಕ ಸುಮ್ನ ರೊಕ್ಕ ಹಾಳ ಮಾಡ್ಲಕತ್ತೀರಿ?" ನಮ್ಮೂರ ಹಿರಿಯ ನರ್ಸರಿಯವರೊಬ್ಬರು ಎರಡು ವರ್ಷ ಇದನ್ನೇ ಹೇಳಿದರು. ಈ ಸಲ ಶಿವರಾತ್ರಿಗೆ ನೌಬಾದಿನ ನನ್ನ ಶೇಡ್‌ನೆಟ್ಟಿನೊಳಗೆ ನೂರಾಹತ್ತು ಪಾಟುಗಳಲ್ಲಿ ವೆರೋನಿಕಾ ನೀಲಿ ತೆನೆ ಹೊತ್ತು ನಿಂತಿತ್ತು. ಅವರೇ ಬಂದು ನಾಲ್ಕು ಪಾಟು ಒಯ್ದರು, ರೊಕ್ಕ ಕೊಟ್ಟೇ ಒಯ್ದರು.

ಮೊದಲ ವರ್ಷ ಸೋತದ್ದು ಗಿಡ ಬೆಳೆಸುವುದರಲ್ಲಲ್ಲ, ಗುರುತಿಸುವುದರಲ್ಲಿ. ಆನ್‌ಲೈನ್‌ನಲ್ಲಿ ತರಿಸಿದ ಬೀಜದ ಪಾಕೀಟಿನ ಮೇಲೆ ವೆರೋನಿಕಾ ಚಿತ್ರವೇ ಇತ್ತು. ಐದು ಪಾಕೀಟಿಗೆ ಸಾವಿರದ ಇನ್ನೂರರ ಹತ್ತಿರ ಕೊಟ್ಟೆ. ಹೂ ಬಂದಾಗ ಕುಣಿದಾಡುವಷ್ಟು ಖುಷಿ. ಹಳ್ಳದಕೇರಿ ತೋಟಗಾರಿಕೆ ಕಾಲೇಜಿನಲ್ಲಿ ಓದುವ ಅಕ್ಕನ ಮಗಳು ಬಂದವಳು ಕಾಂಡವನ್ನು ಬೆರಳಲ್ಲಿ ಹೊರಳಿಸಿ, "ಮಾಮಾ, ಇದು ಚೌಕ ಅದ ನೋಡು, ವೆರೋನಿಕಾ ಅಲ್ಲ, ಸಾಲ್ವಿಯಾ" ಅಂದಳು. ಬೀಜ ಕೊಟ್ಟವರಿಗೆ ಫೋಟೊ ಕಳಿಸಿದೆ, ಉತ್ತರ ಬರಲಿಲ್ಲ.

ಅವತ್ತಿನಿಂದ ಭೂತಗನ್ನಡಿ ಜೇಬಿನಲ್ಲೇ ಇರುತ್ತದೆ. ಕೇಸರ ಎರಡೇ ಇದ್ದರೆ ವೆರೋನಿಕಾ ಎಂದು ಕೆಲವರು ನಂಬಿದ್ದಾರೆ. ಅದೊಂದೇ ಸಾಲದು. ಸಾಲ್ವಿಯಾಕ್ಕೂ ಎರಡೇ, ಬೇಲಿಗೆ ಹಚ್ಚುವ ಸ್ಟ್ಯಾಕಿಟಾರ್ಫೆಟಾಕ್ಕೂ ಎರಡೇ. ಮೊದಲು ಎಸಳು ಎಣಿಸಬೇಕು. ವೆರೋನಿಕಾಕ್ಕೆ ನಾಲ್ಕು, ಮೇಲಿನದು ಅಗಲ, ಕೆಳಗಿನದು ಎಲ್ಲಕ್ಕಿಂತ ಸಣ್ಣದು. ಸ್ಟ್ಯಾಕಿಟಾರ್ಫೆಟಾಕ್ಕೆ ಐದು, ಅದೂ ಉದ್ದನೆಯ ಹಸಿರು ಕಡ್ಡಿಯಲ್ಲಿ ಒಂದು ಸಲಕ್ಕೆ ನಾಲ್ಕೈದೇ ಹೂ. ಸಾಲ್ವಿಯಾದ ಹೂವಿಗೆ ತುಟಿ ಇರುತ್ತದೆ. ವೆರೋನಿಕಾದ ತೆನೆ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ, ಎರಡು ಕೇಸರ ಹೊರಗೆ ಚಾಚಿಕೊಂಡಿರುತ್ತವೆ. ಹೂವನ್ನು ಮೆಲ್ಲಗೆ ಎಳೆದರೆ ನಾಲ್ಕೂ ಎಸಳು ಒಂದೇ ತುಂಡಾಗಿ ಕೈಗೆ ಬರುತ್ತವೆ. ಕಾಯಿ ಕಟ್ಟಿದ ಮೇಲಂತೂ ಅನುಮಾನವೇ ಬೇಡ, ನೆತ್ತಿಯಲ್ಲಿ ಗೀರು ಬಿದ್ದ ಚಪ್ಪಟೆ ಕಾಯಿ.

ಎರಡನೇ ವರ್ಷ ವೆರೋನಿಕಾದ ಸ್ಪೈಕಾಟಾ ಎಂಬ ಜಾತಿಯ ಸರಿಯಾದ ಬೀಜ ಸಿಕ್ಕಿತು. ಗಿಡ ಸೊಂಪಾಗಿ ಬಂತು, ಎಲೆಯೋ ಎಲೆ. ತೆನೆ ಮಾತ್ರ ಇಲ್ಲವೆನ್ನುವಷ್ಟು. ಮೇ ಬಿಸಿಲು ನಲವತ್ತು ದಾಟಿದಾಗ ಮುಕ್ಕಾಲು ಭಾಗ ಸುಟ್ಟುಹೋಯಿತು. ಎರಡೂ ವರ್ಷ ಸೇರಿ ಒಂಬತ್ತು ಸಾವಿರವಾದರೂ ಮಣ್ಣಾಗಿರಬೇಕು. ಈ ಗಿಡದ ತವರು ಯುರೋಪಿನಿಂದ ಸೈಬೀರಿಯಾದವರೆಗಿನ ಹಿಮ ಬೀಳುವ ನಾಡು. ಚಳಿಗಾಲ ಕಳೆದು ಹಗಲು ಉದ್ದವಾದಾಗ ಅಲ್ಲಿ ಹೂ ಬಿಡುವ ಗಿಡಕ್ಕೆ ನಮ್ಮ ಬೀದರದ ಡಿಸೆಂಬರ್ ಚಳಿ ಸಾಲದು, ಹಗಲೂ ಗಿಡ್ಡ. ಸೇವಂತಿಗೆ ಬೆಳೆಯುವವರು ಹಗಲು ಉದ್ದ ಮಾಡಲು ರಾತ್ರಿ ದೀಪ ಹಚ್ಚುವುದು ಎಲ್ಲರಿಗೂ ಗೊತ್ತಿದ್ದದ್ದೇ. ಬರೀ ದೀಪ ಹಚ್ಚಿ ನೋಡಿದ್ದೆ, ನಲವತ್ತರಲ್ಲಿ ಮೂರು ಗಿಡ ತೆನೆ ಬಿಟ್ಟವು. ಚಳಿಯನ್ನೂ ಕೊಡಲೇಬೇಕು ಎಂದು ಆಗಲೇ ತೀರ್ಮಾನಿಸಿದೆ.

ಹಳೆಯ ಫ್ರಿಜ್ ಒಂದು ನಾಲ್ಕೂವರೆ ಸಾವಿರಕ್ಕೆ ಸಿಕ್ಕಿತು. ನಾಗರಪಂಚಮಿ ಹೊತ್ತಿಗೆ ಟ್ರೇಯಲ್ಲಿ ಬೀಜ ಉದುರಿಸಿದೆ. ಧೂಳಿನಂಥ ಬೀಜ, ಮೇಲೆ ಮಣ್ಣು ಮುಚ್ಚಿದರೆ ಏಳುವುದಿಲ್ಲ, ಅದಕ್ಕೆ ಬೆಳಕು ಬೇಕು. ಬೆರಳಲ್ಲಿ ಒತ್ತಿ ಸ್ಪ್ರೇ ಹೊಡೆದರೆ ಸಾಕು. ಹದಿನೈದು ದಿನಕ್ಕೆ ಮೊಳಕೆ ಕಂಡಿತು. ದೀಪಾವಳಿ ಆಸುಪಾಸು ಸಸಿ ಐದಾರು ಜೊತೆ ಎಲೆ ಬಿಟ್ಟ ಮೇಲೆ ಫ್ರಿಜ್ಜಿಗೆ ಇಟ್ಟೆ, ಏಳು ವಾರ, ಐದು ಡಿಗ್ರಿ. ಎರಡೇ ಜೊತೆ ಎಲೆಯಿದ್ದ ಕೂಸು ಸಸಿಗಳನ್ನೂ ಒಂದು ಸಾಲು ಇಟ್ಟು ನೋಡಿದೆ, ಅವು ಬದುಕಿದವು ಆದರೆ ತೆನೆ ಬಿಡಲೇ ಇಲ್ಲ. ಒಳಗೆ ಕತ್ತಲಾಗಬಾರದೆಂದು ಬಾಗಿಲ ರಬ್ಬರಿನ ಸಂದಿಯಿಂದ ವೈರ್ ತೂರಿಸಿ ಎಲ್‌ಇಡಿ ಪಟ್ಟಿ ಅಂಟಿಸಿದೆ. ಫ್ರೀಜರ್ ಕೆಳಗಿನ ಟ್ರೇ ಒಂದು ರಾತ್ರಿ ಗಡ್ಡೆಗಟ್ಟಿತು, ಬೆಳಿಗ್ಗೆ ಎಲೆಗಳು ಬೇಯಿಸಿದ ಪಾಲಕ್ ಹಾಗೆ ಜೋತುಬಿದ್ದಿದ್ದವು. ನಲವತ್ತು ಸಸಿ ಅಲ್ಲೇ ಹೋದವು. ಬೂಷ್ಟು ಬರದಂತೆ ನೀರಿನ ಜೊತೆ ಏನು ಕೊಡುತ್ತೇನೆ, ಹೊರತೆಗೆದ ಮೇಲೆ ದೀಪ ಎಷ್ಟು ಹೊತ್ತು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಅದಕ್ಕಾಗಿ ಬಹಳ ಕಳೆದುಕೊಂಡಿದ್ದೇನೆ.

ಮಣ್ಣು ನಮ್ಮ ಕೆಂಪು ಜಂಬಿಟ್ಟಿಗೆಯದೇ, ಜರಡಿ ಹಿಡಿದ ಗರಸು ಮೂರನೇ ಒಂದು ಪಾಲು. ಎರೆ ಮಣ್ಣಲ್ಲಿ ಆರು ಗಿಡ ಹಚ್ಚಿದ್ದೆ, ಒಂದು ಅಕಾಲಿಕ ಮಳೆಗೆ ವಾರದೊಳಗೆ ಬೇರು ಕೊಳೆತವು. ಬೂದಿ ರೋಗ ಒಮ್ಮೆ ಕಾಣಿಸಿತು, ಪಾಟುಗಳನ್ನು ಗೇಣು ದೂರ ಇಟ್ಟು ಬುಡಕ್ಕಷ್ಟೇ ನೀರು ಹಾಕಿದ್ದಕ್ಕೆ ನಿಂತಿತು.

ಒಂದು ಪಾಟಿಗೆ ನೂರೈವತ್ತರಂತೆ ತೊಂಬತ್ತೈದು ಹೋದವು. ಫ್ರಿಜ್ ತನ್ನ ರೊಕ್ಕ ಈ ಒಂದೇ ಹಂಗಾಮಿನಲ್ಲಿ ದುಡಿದುಕೊಟ್ಟಿತು, ಹಿಂದಿನ ನಷ್ಟ ಇನ್ನೂ ಪೂರ್ತಿ ತೀರಿಲ್ಲ. ಮದುವೆ ಮಂಟಪ ಕಟ್ಟುವವರಿಗೆ ಒಂದಿಷ್ಟು ತೆನೆ ಕತ್ತರಿಸಿ ಕೊಟ್ಟೆ, ನೀರಲ್ಲಿ ಐದಾರು ದಿನ ಬಾಳಿದವು. ಹೂ ಇದ್ದಷ್ಟು ದಿನ ಜೇನುನೊಣ ಶೇಡ್‌ನೆಟ್ಟಿನ ತೂತು ಹುಡುಕಿ ಒಳಗೆ ಬರುತ್ತಿದ್ದವು.

ಮಾರದೆ ಉಳಿಸಿದ ಹದಿನೈದನ್ನು ಬುಡದವರೆಗೆ ಕತ್ತರಿಸಿ ಬೇಸಿಗೆಯೆಲ್ಲ ಮಾವಿನ ಮರದ ನೆರಳಲ್ಲಿ ಇಟ್ಟಿದ್ದೆ. ಏಳು ಬದುಕಿವೆ. ಮೃಗಶಿರಾ ಮಳೆ ಬಿದ್ದ ಮೇಲೆ ಬುಡದಲ್ಲಿ ಬೆರಳುದ್ದ ಚಿಗುರು ಒಡೆದಿವೆ. ಮೊನ್ನೆ ಅವುಗಳ ತುದಿ ಚಿವುಟಿ ಮೂವತ್ತು ಕಡ್ಡಿ ಟ್ರೇಗೆ ಚುಚ್ಚಿದ್ದೇನೆ, ಬೀಜದ ಖರ್ಚೂ ಉಳಿಯುತ್ತದೇನೋ ನೋಡಬೇಕು.