ಬಟವಾಡೆ ವಾರಕ್ಕೆ ಕೊಟ್ಟೆ, ಮಕ್ಕಳು ನಿಂತರು

ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನನ್ನದು ಕರೆಂಟಿನ ಪ್ಯಾನೆಲ್ ಬೋರ್ಡ್ ಮಾಡುವ ಶಾಪ್. ಹತ್ತನೇ ಕ್ಲಾಸ್ ಮುಗಿಸಿ, ಇಲ್ಲವೇ ಫೇಲಾಗಿ, ಕಾಲೇಜೂ ಇಲ್ಲ ಐಟಿಐಯೂ ಇಲ್ಲ ಅಂತ ಕೂತ, ಕರ್ನಾಟಕದಿಂದ ಇಲ್ಲಿಗೆ ದುಡಿಯಲು ಬಂದ ನಮ್ಮ ಕಡೆಯವರ ಮಕ್ಕಳನ್ನು ಅಪ್ರೆಂಟಿಸ್ ಮಾಡಿಕೊಳ್ಳಲು ಹೊರಟಾಗ ಅಕ್ಕಪಕ್ಕದವರೆಲ್ಲ ಒಂದೇ ಮಾತು ಹೇಳಿದರು: "ಎರಡು ತಿಂಗಳೂ ನಿಲ್ಲಲ್ಲ." ಮೊದಲ ವರ್ಷ ಹಾಗೇ ಆಯಿತು. ಐದು ಹುಡುಗರು ಬಂದರು, ದೀಪಾವಳಿ ಹೊತ್ತಿಗೆ ಒಬ್ಬ ಉಳಿದ. ಊರ ಜಾತ್ರೆಗೆ ಅಂತ ಇಬ್ಬರಿಗೆ ಮೂರು ಮೂರು ಸಾವಿರ ಅಡ್ವಾನ್ಸ್ ಕೊಟ್ಟಿದ್ದೆ. ಅವರು ಯಾದಗಿರಿಯಿಂದ ವಾಪಸ್ ಬರಲೇ ಇಲ್ಲ. ಹಾಳಾದ ವೈರ್, ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಎಲ್ಲಾ ಸೇರಿ ಹತ್ತಿರ ಹತ್ತಿರ 40,000 ಹೋಯಿತು.

ಬಿಟ್ಟುಹೋದ ಒಬ್ಬನನ್ನು ಹುಡುಕಿಕೊಂಡು ವಾಕಡ್‌ನ ಕಟ್ಟಡದ ಸೈಟಿಗೆ ಹೋದೆ. ತಗಡಿನ ಶೆಡ್ಡಿನ ಮುಂದೆ ಅವನ ತಾಯಿ ರೊಟ್ಟಿ ಬಡಿಯುತ್ತಿದ್ದರು. "ತಿಂಗಳತನಾ ಕಾಯಾಕ ಆಗಂಗಿಲ್ರೀ ಅಣ್ಣಾರ. ಶನಿವಾರ ಅಂಗಡಿಯಾಂವ ಬಂದ್ ನಿಂತ್ರ ಏನ್ ಕೊಡ್ಲಿ?" ಅಂದರು. ನನಗೆ ಅಲ್ಲೇ ಗೊತ್ತಾಯಿತು. ಆ ಮನೆ ನಡೆಯುವುದೇ ವಾರದ ಬಟವಾಡೆ ಮೇಲೆ. ಮಗ ಬಿಗಾರಿ (ದಿನಗೂಲಿ) ಕೆಲಸಕ್ಕೆ ಹೋದರೆ ದಿನಕ್ಕೆ 500 ತರುತ್ತಾನೆ. ನಾವು ತಿಂಗಳ ಕೊನೆಗೆ ಸ್ಟೈಪೆಂಡ್ (ಕೆಲಸ ಕಲಿಯುವವರಿಗೆ ಕೊಡುವ ಭತ್ಯೆ) ಹಾಕುತ್ತಿದ್ದೆವು.

ಸ್ಟೈಪೆಂಡಿನ ಲೆಕ್ಕ ಹೀಗಿತ್ತು. 2019ರ ಅಪ್ರೆಂಟಿಸ್ ನಿಯಮದಲ್ಲಿ ಹತ್ತನೇ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 6,000, ಅದಕ್ಕಿಂತ ಕಡಿಮೆ ಓದಿದವರಿಗೆ 5,000 ಇತ್ತು. ಅದರಲ್ಲಿ ಸರ್ಕಾರದ ಪಾಲು ಹೆಚ್ಚೆಂದರೆ 1,500. ನಾನು ಕೈಯಿಂದ ಸೇರಿಸಿ ವಾರಕ್ಕೆ ಸುಮಾರು 1,800 ಮಾಡಿದೆ. ಪ್ರತಿ ಶನಿವಾರ ಸಂಜೆ ಐದಕ್ಕೆ ಖಾತೆಗೆ ಬೀಳಬೇಕು, ಒಂದು ವಾರವೂ ತಪ್ಪಬಾರದು. ಬಿಗಾರಿ ಕೂಲಿಗಿಂತ ಇದು ಕಡಿಮೆಯೇ. ಆದರೆ ಅಂಗಡಿಯವನು ಬರುವ ದಿನ ದುಡ್ಡು ಇರುತ್ತದೆ, ಅಷ್ಟು ಸಾಕಾಯಿತು. ಒಂದು ಮಗುವಿಗೆ ತಿಂಗಳಿಗೆ ಎರಡೂವರೆ ಸಾವಿರ ಜಾಸ್ತಿ ಖರ್ಚು. ಅಡ್ವಾನ್ಸ್ ಪೂರ್ತಿ ನಿಲ್ಲಿಸಿದೆ. ಊರಿಗೆ ಹೋಗಿ ಬಂದ ಮೇಲೆ ಬೋನಸ್.

ಅಲ್ಲಿಂದ ಈಚೆಗೆ ನನ್ನದೂ ಸೇರಿ ನಾಲ್ಕು ಶಾಪಿನವರು ಹದಿನಾಲ್ಕು ಮಕ್ಕಳನ್ನು ತೆಗೆದುಕೊಂಡೆವು. ಹನ್ನೊಂದು ಮಂದಿ ವರ್ಷ ಪೂರ್ತಿ ಮಾಡಿದರು. ಭೋಸರಿಯಲ್ಲಿ ಇಷ್ಟು ಮಾಡಿದವರು ಬೇರೆ ಯಾರೂ ನನಗೆ ಸಿಕ್ಕಿಲ್ಲ. ಆರಿಸುವಾಗ ಹತ್ತು ನಿಮಿಷದ ಒಂದು ಪರೀಕ್ಷೆ ಇಡುತ್ತೇನೆ. ಅದೇನೆಂದು ಬರೆದರೆ ಮಕ್ಕಳು ಮೊದಲೇ ಕಲಿತು ಬರುತ್ತಾರೆ, ಬೇಡ.

ಹೆಚ್ಚಿನವರು ಫೇಲಾಗಿದ್ದು ಗಣಿತದಲ್ಲಿ. ತಿಂಗಳಿಗೆ ನಾಲ್ಕು ಸಾವಿರ ಕೊಟ್ಟು ಟ್ಯೂಷನ್ ಮೇಷ್ಟ್ರನ್ನು ಕರೆಸಿದೆ, ಯಾರೂ ಕೂರಲಿಲ್ಲ. ಆಮೇಲೆ ಗುರುವಾರ ರಜೆಯ ದಿನ ಶಾಪಿನ ಕಟಿಂಗ್ ಲಿಸ್ಟನ್ನೇ ಮುಂದಿಟ್ಟೆ. 90 ಮೀಟರ್ ಕಾಯಿಲ್‌ನಲ್ಲಿ 35 ಸೆಂಟಿಮೀಟರಿನ ತುಂಡು ಎಷ್ಟು? 257, ಉಳಿಯುವುದು 5 ಸೆಂಟಿಮೀಟರ್. ಕೈಯಲ್ಲಿ ವೈರ್ ಇದ್ದರೆ ಭಾಗಾಕಾರ ತಾನಾಗಿ ಬರುತ್ತದೆ. ಕನ್ನಡ ಅಕ್ಷರವನ್ನೂ ಕಲಿಸೋಣ ಅಂತ ಒಂದು ತಿಂಗಳು ನೋಡಿದೆ. ಎಲ್ಲರೂ ಮರಾಠಿ ಮೀಡಿಯಂ, ಮನೆಯಲ್ಲಿ ಮಾತ್ರ ಕನ್ನಡ. ಇಬ್ಬರು ಕಲಿತರು. ಮತ್ತೆ ಶುರು ಮಾಡಬೇಕು.

ಒಬ್ಬ ಹುಡುಗಿಯ ಬಗ್ಗೆ ಹೇಳಲೇಬೇಕು. ಹದಿನೇಳು ವರ್ಷ, ಮನೆಯಲ್ಲಿ ಮದುವೆ ಮಾತು ನಡೆದಿತ್ತು. ಮೊದಲ ವಾರ ತಾಯಿ ಶಾಪಿನ ಬಾಗಿಲಲ್ಲೇ ಕೂತಿದ್ದರು. ಲಗ್ ಕ್ರಿಂಪ್ ಮಾಡಿದ (ವೈರಿಗೆ ಒತ್ತಿ ಕೂರಿಸಿದ) ಮೇಲೆ ವೈರನ್ನು ಎಳೆದು ನೋಡಬೇಕು ಅಲ್ವಾ? ಹೊಸಬರಲ್ಲಿ ನೂರಕ್ಕೆ ಮೂವತ್ತು ಕೈಗೇ ಕಿತ್ತು ಬರುತ್ತವೆ. ಇವಳದು ಎರಡನೇ ವಾರಕ್ಕೆ ಒಂದೂ ಬರಲಿಲ್ಲ. ತಾಮ್ರದ ಒಂದು ಎಳೆ ಹೊರಗೆ ಉಳಿದರೂ ಕತ್ತರಿಸಿ ಮತ್ತೆ ಮಾಡುತ್ತಿದ್ದಳು, ಪಕ್ಕದ ಟರ್ಮಿನಲ್‌ಗೆ ತಾಗೀತು ಅಂತ. ಮುಂದಿನ ಜುಲೈಯಲ್ಲಿ ಹತ್ತನೆಯ ಮರುಪರೀಕ್ಷೆಯಲ್ಲಿ ಗಣಿತ ಪಾಸಾದಳು. ಆಮೇಲೆ ಐಟಿಐ ಎಲೆಕ್ಟ್ರಿಷಿಯನ್ ಸೀಟ್ ಸಿಕ್ಕಿತು, ಎರಡು ವರ್ಷದ ಕೋರ್ಸ್. ನಾನೇ ಕಳಿಸಿಕೊಟ್ಟೆ. ಮದುವೆ ಮಾತನ್ನು ಈಗ ತಾಯಿಯೇ ತಡೆದಿದ್ದಾರೆ.

ಹತ್ತನೇ ರಿಸಲ್ಟ್ ಬಂದ ಮೇಲೆ ಮತ್ತೆ ನಾಲ್ವರನ್ನು ತೆಗೆದುಕೊಳ್ಳುತ್ತೇವೆ. ಚಾಕಣ್ ಕಡೆಯ ಶಾಪಿನವರು ಹೇಗೆ ಅಂತ ಕೇಳುತ್ತಿದ್ದಾರೆ. ಒಂದು ಶನಿವಾರ ಸಂಜೆ ಐದಕ್ಕೆ ಬಂದು ನೋಡಿ.