ಕವಲೇದುರ್ಗ ಹತ್ತುವುದು ಹೇಗೆ: ಅರ್ಧ ದಿನದ ಕೋಟೆ ನಡಿಗೆ

ತೀರ್ಥಹಳ್ಳಿಯಿಂದ ಕವಲೇದುರ್ಗಕ್ಕೆ ಸುಮಾರು 18 ಕಿ.ಮೀ. ಬಸ್ಸು ಕಡಿಮೆ. ಆಟೊದಲ್ಲಿ ಹೋಗುವುದಾದರೆ ಕಾಯುವುದಕ್ಕೂ ಸೇರಿಸಿ ಹೋಗಿಬರುವ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಕೋಟೆಯ ಬುಡದಲ್ಲಿ ಇನ್ನೊಂದು ಆಟೊ ಸಿಕ್ಕೀತು ಎಂದು ನಂಬಿ ಕೂರಬೇಡಿ.

ಬೆಳಿಗ್ಗೆ 8ರೊಳಗೆ ನಡಿಗೆ ಶುರುವಾಗಲಿ. ಹತ್ತಿ, ನೋಡಿ, ಇಳಿಯಲು ಮೂರು ಗಂಟೆ ಸಾಕು. ತಲಾ ಒಂದೂವರೆ ಲೀಟರ್ ನೀರು, ಸ್ವಲ್ಪ ಬುತ್ತಿ. ಅಕ್ಟೋಬರ್‌ನಿಂದ ಫೆಬ್ರುವರಿ ಸರಿಯಾದ ಕಾಲ. ಮಳೆಗಾಲದಲ್ಲೇ ಹೋಗಬೇಕೆಂದಿದ್ದರೆ ಛತ್ರಿ ಮನೆಯಲ್ಲೇ ಇರಲಿ: ಮೇಲಿನ ಗಾಳಿಗೆ ಅದು ಮಗುಚುತ್ತದೆ, ಕೈಯೂ ಖಾಲಿ ಇರುವುದಿಲ್ಲ. ರೇನ್‌ಕೋಟ್ ಒಳ್ಳೆಯದು.

ಮೊದಲು ಗದ್ದೆಯ ಪಕ್ಕದ ದಾರಿ, ಆಮೇಲೆ ಕಾಡಿನೊಳಗೆ ಹಾಸುಗಲ್ಲು. ತೊಂದರೆ ಕೊಡುವುದು ಈ ಕಲ್ಲೇ. ಶತಮಾನಗಳ ಓಡಾಟಕ್ಕೆ ನುಣುಪಾಗಿದೆ, ನೆರಳಿನಲ್ಲಿ ಪಾಚಿ ಕಟ್ಟಿದೆ. ಹತ್ತುವಾಗ ಗೊತ್ತಾಗುವುದಿಲ್ಲ, ಜಾರುವುದು ಇಳಿಯುವಾಗ. ಕಲ್ಲಿನ ನಟ್ಟನಡುವೆ ಪಾದ ಇಡದೆ ಎರಡು ಕಲ್ಲು ಸೇರುವ ಸಂದಿನ ಮೇಲೆ ಅಡ್ಡಡ್ಡವಾಗಿ ಇಡಿ. ಹಸಿರು ಕಲ್ಲಿಗಿಂತ ಒಣ ಮಣ್ಣು ವಾಸಿ. ಅಟ್ಟೆ ಸವೆದ ಬೂಟು, ಹವಾಯಿ ಚಪ್ಪಲಿ ಎರಡೂ ಬೇಡ.

ಮಳೆ ಬಿದ್ದಿದ್ದರೆ ಇಂಬಳ, ಅಂದರೆ ಕಾಡಿನ ಜಿಗಣೆ, ಖಚಿತ. ಪ್ಯಾಂಟನ್ನು ಸಾಕ್ಸಿನೊಳಗೆ ತುರುಕಿ. ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿಕೊಂಡು, ಹತ್ತಿದ ಇಂಬಳಕ್ಕೆ ಮುಟ್ಟಿಸಿದರೆ ಉದುರುತ್ತದೆ. ಎಳೆದು ಕೀಳಬೇಡಿ, ಗಾಯ ದೊಡ್ಡದಾಗುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಬಿಟ್ಟ ಮೇಲೂ ಒಸರುತ್ತಿರುತ್ತದೆ. ಗಾಬರಿ ಬೇಡ, ಒತ್ತಿ ಹಿಡಿಯಿರಿ.

ಬಾಗಿಲು ಬಂದಾಗ ದಾಟಿ ಓಡಬೇಡಿ. ಇಕ್ಕೆಲದ ಕಾವಲು ಕೋಣೆಯಲ್ಲಿ ನಿಂತು, ಕೆಳಗಿನಿಂದ ಬರುವವರು ಅಲ್ಲಿಗೆ ಹೇಗೆ ಕಾಣುತ್ತಾರೆ ನೋಡಿ. ಏದುಸಿರು ಬಿಡುತ್ತ ಬಂದವನನ್ನು ದಣಿವಾರಿದವನು ಎದುರಿಸುವ ಜಾಗವದು. ಒಂದು ಸುತ್ತು ಗೋಡೆ ಬಿದ್ದರೂ ಮೇಲೆ ಇನ್ನೊಂದು ಬಾಗಿಲು ಕಾದಿರುತ್ತದೆ. ಕೆಳದಿಯ ವೆಂಕಟಪ್ಪ ನಾಯಕ ಬಲಪಡಿಸಿದ ಈ ದುರ್ಗಕ್ಕೆ ಭುವನಗಿರಿ ಎಂಬ ಹೆಸರೂ ಉಂಟು. ಹತ್ತಿರದ ರಾಜಧಾನಿ ಬಿದನೂರು, ಅಂದರೆ ಇಂದಿನ ನಗರ, 1763ರಲ್ಲಿ ಹೈದರಾಲಿಯ ಕೈಸೇರಿತು.

ಒಳಗೆ ಕಾಶಿ ವಿಶ್ವನಾಥ ಗುಡಿ, ಅದರ ಮುಂದೆ ಎರಡು ಎತ್ತರದ ಕಂಬ. ಅರಮನೆಯಲ್ಲಿ ಉಳಿದದ್ದು ಜಗಲಿ ಮತ್ತು ತಳಪಾಯ ಮಾತ್ರ. ಆದರೂ ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ. ಐದು ಬಾಯಿಯ ಕಲ್ಲೊಲೆ, ಬಚ್ಚಲು, ಮೆಟ್ಟಿಲಿಳಿಯುವ ಕೊಳ ಇವನ್ನು ಹುಡುಕಿಕೊಂಡು ನಡೆದರೆ ನೆಲದ ಮೇಲೇ ಮನೆಯ ನಕ್ಷೆ ಸಿಗುತ್ತದೆ. ತಳಪಾಯದ ಗೋಡೆ ಹತ್ತಬೇಡಿ, ಕಲ್ಲು ಸಡಿಲ.

ನೆತ್ತಿಯ ಗುಡಿಯ ಬಳಿ ಮಂಜಿಲ್ಲದಿದ್ದರೆ ವಾರಾಹಿ ಹಿನ್ನೀರು ಕಾಣುತ್ತದೆ. ಮಂಜಿದ್ದರೆ ಹತ್ತು ನಿಮಿಷ ಕಾಯಿರಿ, ಕೆಲವೊಮ್ಮೆ ಸರಿಯುತ್ತದೆ. ಬಂಡೆಯ ಅಂಚಿಗೆ ಫೋಟೊಕ್ಕೆಂದು ಹೋಗುವುದು ಬೇಡ.

ಇಳಿದ ಮೇಲೆ, ಗಾಡಿ ಹತ್ತುವ ಮುಂಚೆ, ಬೂಟು ಬಿಚ್ಚಿ ಸಾಕ್ಸು ತಿರುವಿ ಕೊಡವಿ. ಇಲ್ಲವಾದರೆ ಇಂಬಳವೂ ತೀರ್ಥಹಳ್ಳಿಗೆ ಬರುತ್ತದೆ.